ಟ್ಯೂನಿಗೆ ಮಾತು, ಹೆಜ್ಜೆಗೆ ಹಲಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಲಿವುಡ್‌ನ ಹಳೆಯ ಸಂಗೀತ ಚಿತ್ರ ‘ತ್ರೀ ಲಿಟಲ್ ವರ್ಡ್ಸ್’ ಬಗ್ಗೆ ಕೊಡಗಿನ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಚಿತ್ರ ನೋಡದವರಿಗಾಗಿ ಎರಡು ಮಾತು: ಇದು 1950ರಲ್ಲಿ ಎಂಜಿಎಂ ಸ್ಟುಡಿಯೋ ಮಾಡಿದ ಚಿತ್ರ, ನಿರ್ದೇಶಕ ರಿಚರ್ಡ್ ಥೋರ್ಪ್, ಅವಧಿ 102 ನಿಮಿಷ. ಗೀತರಚನಕಾರ ಬರ್ಟ್ ಕಾಲ್ಮರ್ (1884–1947) ಮತ್ತು ಸಂಗೀತ ಸಂಯೋಜಕ ಹ್ಯಾರಿ ರೂಬಿ (1895–1974) ಜೋಡಿಯ ಕಥೆ. ಕಾಲ್ಮರ್ ಆಗಿ ಫ್ರೆಡ್ ಆಸ್ಟೇರ್, ರೂಬಿಯಾಗಿ ರೆಡ್ ಸ್ಕೆಲ್ಟನ್. ಈ ಪಾತ್ರಕ್ಕೆ ಆಸ್ಟೇರ್‌ಗೆ ಗೋಲ್ಡನ್ ಗ್ಲೋಬ್ ಬಂತು.

ಮಡಿಕೇರಿ: ಚಿತ್ರದ ಕಥೆ ಎಷ್ಟು ನಿಜ? ಒಂದು ಟ್ಯೂನ್ ವರ್ಷಗಟ್ಟಲೆ ಮಾತು ಸಿಗದೆ ಕಾಯುವುದು ಉಂಟೇ?

ಚೌಕಟ್ಟು ನಿಜ, ಕ್ರಮ ಚಿತ್ರಕಥೆಯದು. ಕಾಲ್ಮರ್ ನಾಟಕಶಾಲೆಗಳಲ್ಲಿ ಕುಣಿಯುತ್ತಿದ್ದವರು. ಜಾದೂವಿನ ಹುಚ್ಚೂ ಇತ್ತು. ಮಂಡಿಗೆ ಪೆಟ್ಟಾದ ಮೇಲೆ ಹಾಡು ಬರೆಯುವ ಕಡೆ ಹೊರಳಿದರು. ಇಷ್ಟೂ ನಡೆದದ್ದೇ. ಆದರೆ ಚಿತ್ರದಲ್ಲಿ ರೂಬಿ ಒಂದು ಟ್ಯೂನನ್ನು ಮೊದಲಿನಿಂದ ನುಡಿಸುತ್ತಲೇ ಇರುತ್ತಾರೆ, ಅದಕ್ಕೆ ಮಾತು ಕೂಡುವುದು ಕೊನೆಯಲ್ಲಿ. ನಿಜದಲ್ಲಿ ‘ತ್ರೀ ಲಿಟಲ್ ವರ್ಡ್ಸ್’ 1930ರ ಒಂದು ಚಿತ್ರಕ್ಕಾಗಿ ಬರೆದ ಹಾಡು. ಅದೇ ಜೋಡಿಯ ‘ನೆವರ್‌ದಿಲೆಸ್’ ಅದರ ಮರುವರ್ಷ, 1931ರಲ್ಲಿ ಬಂತು. ಚಿತ್ರ ಈ ಕ್ರಮವನ್ನು ತಿರುಗಿಸಿಕೊಂಡಿದೆ.

‘ಒಬ್ಬ ಮಾತು, ಒಬ್ಬ ಸಂಗೀತ’ ಎಂಬ ವಿಂಗಡಣೆಯೂ ಅಷ್ಟು ನೇರವಲ್ಲ. 1923ರ ‘ಹೂಸ್ ಸಾರಿ ನೌ’ ಹಾಡಿಗೆ ಸಂಗೀತ ಟೆಡ್ ಸ್ನೈಡರ್ ಅವರದು. ರೂಬಿ ಅಲ್ಲಿ ಕಾಲ್ಮರ್ ಜೊತೆ ಸಾಹಿತ್ಯದ ಪಾಲುದಾರ. ಮಾರ್ಕ್ಸ್ ಸಹೋದರರ ನಗೆಚಿತ್ರಗಳಿಗೆ ಇವರಿಬ್ಬರೂ ಕೂತು ಬರೆದ ಕೆಲಸಕ್ಕಂತೂ ಈ ಚಿತ್ರದಲ್ಲಿ ತೀರಾ ಕಡಿಮೆ ಜಾಗ. ಅದು ನಮಗೆ ಕೊರತೆಯಾಗಿಯೇ ಕಾಣುತ್ತದೆ.

ಟ್ಯೂನ್ ಕಾಯುವುದು ಮಾತ್ರ ಖಂಡಿತ ಉಂಟು. ಇನ್ನೊಂದು ಜೋಡಿಯನ್ನು ನೋಡಿ: ಸಂಗೀತಗಾರ ರಿಚರ್ಡ್ ರಾಜರ್ಸ್ ಮತ್ತು ಗೀತರಚನಕಾರ ಲೊರೆನ್ಜ್ ಹಾರ್ಟ್. ಇವರ ಮೇಲೂ ಎಂಜಿಎಂ 1948ರಲ್ಲಿ ‘ವರ್ಡ್ಸ್ ಅಂಡ್ ಮ್ಯೂಸಿಕ್’ ಎಂಬ ಚಿತ್ರ ಮಾಡಿತು. ಇವರ ‘ಬ್ಲೂ ಮೂನ್’ ಇಂದಿಗೂ ಜನರ ಬಾಯಲ್ಲಿದೆ. ಆ ಟ್ಯೂನಿಗೆ ಹಾರ್ಟ್ ಬರೆದ ನಾಲ್ಕನೆಯ ಸಾಹಿತ್ಯ ಅದು. ಹಿಂದಿನ ಮೂರೂ ನಿಲ್ಲಲಿಲ್ಲ. ನಾಲ್ಕನೆಯದು 1934ರಲ್ಲಿ ಬಂತು, ನಿಂತಿತು. ರಾಜರ್ಸ್ ಹಾರ್ಟ್ ಜೊತೆ ಇದ್ದಾಗ ಸಾಮಾನ್ಯವಾಗಿ ಟ್ಯೂನ್ ಮೊದಲು. ಮುಂದೆ ಇನ್ನೊಬ್ಬ ಗೀತರಚನಕಾರ ಹ್ಯಾಮರ್‌ಸ್ಟೈನ್ ಜೊತೆ ಕೂಡಿದಾಗ ಮಾತು ಮೊದಲು. ಸಂಗೀತಗಾರ ಒಬ್ಬರೇ, ಪಾಲುದಾರ ಬದಲಾದಾಗ ಕೆಲಸದ ದಾರಿಯೇ ಬದಲಾಯಿತು. ಎರಡು ಕಾಲದ ಹಾಡುಗಳನ್ನು ಒಂದೇ ಸಂಜೆ ಕೇಳಿ. ಹಾರ್ಟ್ ಕಾಲದವು ಚುರುಕು, ಪ್ರಾಸದ ಮೇಲೆ ಪುಟಿಯುತ್ತವೆ. ಆಮೇಲಿನವು ಮಾತಿನ ಉಸಿರಿಗೆ ತಕ್ಕ ಹಾಗೆ ನಿಧಾನವಾಗಿ ಹರಡಿಕೊಳ್ಳುತ್ತವೆ.

ಸೋಮವಾರಪೇಟೆ: ತೆರೆಯ ಮೇಲೆ ಹಾಡುವವರದ್ದೇ ದನಿಯೇ?

ಎಲ್ಲರದ್ದೂ ಅಲ್ಲ. ಆಸ್ಟೇರ್, ಸ್ಕೆಲ್ಟನ್ ತಾವೇ ಹಾಡಿದ್ದಾರೆ. ನಾಯಕಿ ವೆರಾ-ಎಲೆನ್ ಅದ್ಭುತವಾಗಿ ಕುಣಿಯುತ್ತಾರೆ, ಅವರ ಹಾಡಿನ ದನಿ ಅನಿತಾ ಎಲಿಸ್ ಅವರದು. ‘ಐ ವಾನ್ನಾ ಬಿ ಲವ್ಡ್ ಬೈ ಯು’ ಹಾಡಿನಲ್ಲಿ ಹೆಲೆನ್ ಕೇನ್ ಪಾತ್ರ ಮಾಡಿದ ಹುಡುಗಿ ಡೆಬಿ ರೆನಾಲ್ಡ್ಸ್, ಚಿತ್ರ ಬಿಡುಗಡೆಯಾದಾಗ ವಯಸ್ಸು 18. ಆ ಪಾತ್ರಕ್ಕೆ ದನಿ ಕೊಟ್ಟವರು ಸಾಕ್ಷಾತ್ ಹೆಲೆನ್ ಕೇನ್, 1928ರಲ್ಲಿ ಆ ಹಾಡನ್ನು ಹೆಸರುವಾಸಿ ಮಾಡಿದವರು. ಗ್ಲೋರಿಯಾ ಡಿ ಹ್ಯಾವನ್ ಇದರಲ್ಲಿ ತಮ್ಮ ತಾಯಿಯ ಪಾತ್ರವನ್ನೇ ಮಾಡಿದ್ದಾರೆ.

ಗೋಣಿಕೊಪ್ಪ: ಚಿತ್ರದ ಹಾಡಿನ ಜೊತೆ ಹಾರ್ಮೋನಿಯಂ ನುಡಿಸಿದರೆ ಶ್ರುತಿ ಯಾವ ಮನೆಗೂ ಕೂರುವುದಿಲ್ಲ, ಎರಡು ಕೀಗಳ ನಡುವೆ ನಿಲ್ಲುತ್ತದೆ. ಹಾರ್ಮೋನಿಯಂ ಕೆಟ್ಟಿದೆಯೇ?

ರಿಪೇರಿಗೆ ಕೊಡುವ ಮೊದಲು ನಿಮ್ಮ ಪ್ರತಿಯ ಒಟ್ಟು ಅವಧಿ ನೋಡಿ. 102 ನಿಮಿಷದ ಬದಲು 98ರ ಹತ್ತಿರ ತೋರಿಸುತ್ತಿದ್ದರೆ ತಪ್ಪು ವಾದ್ಯದ್ದಲ್ಲ, ಪ್ರತಿಯದ್ದು.

ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಯುರೋಪ್, ಭಾರತದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 25 ಫ್ರೇಮ್. ಆ ಪದ್ಧತಿಗೆ ಡಿವಿಡಿ ಮಾಡುವಾಗ ಚಿತ್ರವನ್ನೇ ಶೇಕಡಾ 4ರಷ್ಟು ಜೋರಾಗಿ ಓಡಿಸಿಬಿಡುತ್ತಿದ್ದರು. ಕಣ್ಣಿಗೆ ಗೊತ್ತಾಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ: ದನಿಯನ್ನು ಸರಿಪಡಿಸದೆ ಬಿಟ್ಟಿದ್ದರೆ ಶ್ರುತಿ ಸುಮಾರು 0.7 ಸೆಮಿಟೋನ್ ಮೇಲೇರುತ್ತದೆ. ಹಾರ್ಮೋನಿಯಂನಲ್ಲಿ ಒಂದು ಕೀಯಿಂದ ಪಕ್ಕದ ಕೀಗೆ ಇರುವ ದೂರ ಒಂದು ಸೆಮಿಟೋನ್. ಹಾಗಾಗಿ ಹಾಡು ಎರಡರ ನಡುವೆ ಸಿಕ್ಕಿಬೀಳುತ್ತದೆ.

ಪರಿಹಾರ ಸುಲಭ. ಕಂಪ್ಯೂಟರಿನ ಪ್ಲೇಯರ್‌ನಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಒಂದು ಎಚ್ಚರಿಕೆ: ಈಗಿನ ಪ್ಲೇಯರ್‌ಗಳು ವೇಗ ಇಳಿಸಿದರೂ ಶ್ರುತಿಯನ್ನು ಇದ್ದಲ್ಲೇ ಹಿಡಿದಿಡುತ್ತವೆ. ಸೆಟ್ಟಿಂಗ್‌ನಲ್ಲಿ ಆ ಹಿಡಿತವನ್ನು ತೆಗೆದುಹಾಕಬೇಕು, ಇಲ್ಲವಾದರೆ ಹಾಡು ನಿಧಾನವಾಗುತ್ತದೆ, ಶ್ರುತಿ ಇಳಿಯುವುದಿಲ್ಲ. ಅವಧಿ ಸರಿಯಾಗಿ 102 ಇದ್ದೂ ಕೂಡದಿದ್ದರೆ ಮಾತ್ರ ಹಾರ್ಮೋನಿಯಂ ಕಡೆ ನೋಡಿ. ನಮ್ಮ ಮಳೆಗಾಲ ಕಳೆದ ಮೇಲೆ ರೀಡ್‌ಗಳ ಮೇಲೆ ಕಿಲುಬು ಕೂತು ಒಂದೆರಡು ಸ್ವರ ತಗ್ಗುವುದು ಸಾಮಾನ್ಯ. ಆದರೆ ಕಿಲುಬು ಹಿಡಿದರೆ ಕೆಲವು ಸ್ವರ ಮಾತ್ರ ಕೆಡುತ್ತವೆ. ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ಪ್ರತಿಯ ದೋಷವೇ.

ವಿರಾಜಪೇಟೆ: ಶಾಲಾ ವಾರ್ಷಿಕೋತ್ಸವಕ್ಕೆ ಇಂಥ ಟ್ಯೂನಿಗೆ ಕನ್ನಡ ಮಾತು ಹೊಂದಿಸುತ್ತಿದ್ದೇವೆ. ಅರ್ಥ ಸರಿಯಾಗಿದೆ, ಹಾಡಿದರೆ ಮಾತ್ರ ಏನೋ ತೊಡಕು. ಎಲ್ಲಿ ತಪ್ಪುತ್ತಿದೆ?

ಅರ್ಥದಿಂದ ಶುರು ಮಾಡಿದಲ್ಲೇ ತಪ್ಪಿದೆ. ಟ್ಯೂನ್ ಮೊದಲೇ ಇದ್ದಾಗ ಅದು ಖಾಲಿ ಮನೆಗಳ ಸಾಲು. ಯಾವ ಮನೆ ಉದ್ದ, ಯಾವುದು ಗಿಡ್ಡ ಎಂದು ಅಳೆಯದೆ ಮಾತು ತುಂಬಲು ಹೋಗಬಾರದು.

ಮೊದಲು ಒಟ್ಟು ಅಳತೆ. ಆ ಕಾಲದ ಅಮೆರಿಕನ್ ಹಾಡುಗಳ ಮುಖ್ಯಭಾಗ ಹೆಚ್ಚಾಗಿ 32 ಬಾರ್ (ಬಾರ್ ಎಂದರೆ ತಾಳದ ಒಂದು ಸಮ ಅಳತೆಯ ತುಂಡು), ಒಂದು ಬಾರ್‌ಗೆ 4 ಬಡಿತ, ಒಟ್ಟು 128. ನಿಮಿಷಕ್ಕೆ 128 ಬಡಿತದ ವೇಗ ಹಿಡಿದರೆ ಸರಿಯಾಗಿ ಒಂದು ನಿಮಿಷ. ಆದಿತಾಳದಲ್ಲಿ ಎಣಿಸುವವರು ಎರಡು ಬಾರ್‌ಗೆ ಒಂದು ಆವರ್ತ ಇಟ್ಟುಕೊಳ್ಳಿ, 16 ಆವರ್ತಕ್ಕೆ ಮುಗಿಯುತ್ತದೆ. ಈ 32 ಬಾರ್‌ಗಳು ಎಂಟೆಂಟರ ನಾಲ್ಕು ತುಂಡು. ಒಂದನೆಯದು, ಎರಡನೆಯದು ಹೆಚ್ಚುಕಡಿಮೆ ಒಂದೇ ಟ್ಯೂನ್, ಮೂರನೆಯದು ಬೇರೆ, ನಾಲ್ಕನೆಯದು ಮತ್ತೆ ಮೊದಲಿನದು. ‘ತ್ರೀ ಲಿಟಲ್ ವರ್ಡ್ಸ್’ ಇದೇ ಅಚ್ಚಿನದು. ನಮ್ಮ ಪಲ್ಲವಿ–ಚರಣದ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಮೂರನೆಯ ತುಂಡನ್ನು ಚರಣವೆಂದು ತಿಳಿದು ಉದ್ದ ಮಾಡಿದರೆ ಹಾಡು ಮನೆಗೆ ಮರಳುವುದೇ ಇಲ್ಲ. ಎಂಟು ಬಾರ್ ಅಷ್ಟೇ, ಅಲ್ಲಿ ಹೊಸ ಮಾತು ಹೇಳಿ ತಿರುಗಿ ಬನ್ನಿ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಇಂಗ್ಲಿಷ್ ಹಾಡಿನ ಶುರುವಿನ ‘ತ್ರೀ ಲಿಟಲ್ ವರ್ಡ್ಸ್’ ಎಂಬ ನಾಲ್ಕು ಉಚ್ಚಾರಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ತೂಕ, ನಡುವಿನ ಎರಡು ಹಗುರ. ಬಾಯಲ್ಲಿ ಹೇಳಿಕೊಳ್ಳಿ: ತಾ-ನ-ನ-ತಾ. ಗುರು, ಲಘು, ಲಘು, ಗುರು. ನೇರ ಅನುವಾದ ‘ಮೂರು ನುಡಿ’ ಇಟ್ಟು ನೋಡಿ. ಮೂ, ರು, ನು ಮೂರೂ ಸರಿಯಾಗಿ ಕೂರುತ್ತವೆ. ‘ಡಿ’ ಲಘು, ಎಳೆದಾಗ ‘ನುಡೀ’ ಆಗುತ್ತದೆ. ಕೇಳುವವರಿಗೆ ಎಡವಿದ ಹಾಗೆ ಅನ್ನಿಸುವುದು ಇದೇ. ‘ಹೇಳಲು ಬಾ’ ಎಂದು ಇಟ್ಟು ಹಾಡಿ: ಹೇ-ಳ-ಲು-ಬಾ. ಅಳತೆ ಪೂರ್ತಿ ಕೂತಿತು, ಕೊನೆಯ ‘ಬಾ’ವನ್ನು ಎಷ್ಟು ಬೇಕಾದರೂ ಎಳೆಯಬಹುದು. ಅರ್ಥ ಬೇರೆಯಾಯಿತಲ್ಲ ಎನ್ನಬೇಡಿ. ‘ಮೂರು ನುಡಿ’ ಎಂಬುದನ್ನು ಮುಂದಿನ ಹಗುರ ಸ್ವರಗಳ ಜಾಗಕ್ಕೆ ಒಯ್ಯಬಹುದು.

ಮೂಲ ಹಾಡಿನ ಚಮತ್ಕಾರವನ್ನೇ ತರಬೇಕೆಂದರೆ ಕಷ್ಟವಿದೆ. ಅಲ್ಲಿ ಆ ಮೂರು ಪದ ಯಾವುವೆಂದು ಕೊನೆಯವರೆಗೆ ಹೇಳದೆ, ಮೂರು ಪದ, ಎಂಟು ಅಕ್ಷರ ಎಂದು ಸುಳಿವು ಕೊಟ್ಟು ಕಡೆಗೆ ‘ಐ ಲವ್ ಯು’ ಎಂದು ಬಿಡಿಸುತ್ತಾರೆ. ಕನ್ನಡದ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಕೂಡ ಮೂರೇ ಪದ, ಆದರೆ ಹತ್ತು ಅಕ್ಷರ. ಮಾತ್ರೆ ಎಣಿಸಿದರೆ 3, 5, 8, ಒಟ್ಟು 16. (‘ಪ್ರೀ’ ಒತ್ತಕ್ಷರವೆಂದು ಹಿಂದಿನ ‘ನ್ನು’ವನ್ನು ಗುರು ಮಾಡಿದರೆ 17. ಹಾಡುವಾಗ ಅಲ್ಲಿ ಪದ ಬಿಡಿಸುತ್ತೇವೆ, ಹಾಗೆ ಎಣಿಸಬೇಕಿಲ್ಲ.) ಲೆಕ್ಕಕ್ಕೆ ಚೆಂದವಾದರೂ ನಮ್ಮಲ್ಲಿ ಯಾರೂ ಯಾರಿಗೂ ಹೀಗೆ ಹೇಳುವುದಿಲ್ಲ. ‘ನೀನೇ ಬೇಕು’, ‘ಇಲ್ಲೇ ಇರು’ ಇಂಥವು ಬಾಯಿಗೂ ಹತ್ತಿರ, ಟ್ಯೂನಿಗೂ ಹಗುರ.

ಎಡವುವ ಜಾಗಗಳು ಇನ್ನೂ ಇವೆ. ಉದ್ದ ಸ್ವರದಲ್ಲಿ ಹ್ರಸ್ವ ಸಿಕ್ಕಿದರೆ ಪದವೇ ಬದಲಾಗುತ್ತದೆ: ‘ನನ್ನ ಬಲ’ ಎಳೆದಾಗ ‘ನನ್ನ ಬಾಲ’. ಗಿಡ್ಡ ಸ್ವರಕ್ಕೆ ದೀರ್ಘ ತುರುಕಿದರೂ ಅಷ್ಟೇ, ‘ನಾರಿ’ ಹೋಗಿ ‘ನರಿ’ ಬರುತ್ತದೆ. ಮೇಲಿನ ಸ್ಥಾಯಿಯ ಎತ್ತರದ ಸ್ವರದಲ್ಲಿ ಇ, ಈ, ಉ ಇಟ್ಟರೆ ಮಕ್ಕಳ ಗಂಟಲು ಬಿಗಿಯುತ್ತದೆ, ಅಲ್ಲಿಗೆ ಆ, ಓ ಬರುವಂತೆ ಪದ ಹುಡುಕಿ. ವೇಗದ ಜಾಗದಲ್ಲಿ ಒತ್ತಕ್ಷರ ಒಂದರ ಹಿಂದೊಂದು ಬೇಡ. ಇಷ್ಟೆಲ್ಲ ನೋಡಿಕೊಂಡ ಮೇಲೂ ಒಂದು ಪರೀಕ್ಷೆ ಉಳಿದಿದೆ. ಟ್ಯೂನ್ ಗೊತ್ತಿಲ್ಲದವರ ಕೈಗೆ ಸಾಹಿತ್ಯ ಕೊಟ್ಟು ಬರಿದೇ ಓದಿಸಿ. ಅವರು ಎಲ್ಲಿ ಒತ್ತು ಕೊಡುತ್ತಾರೋ ಅಲ್ಲೇ ಟ್ಯೂನಿನ ಒತ್ತೂ ಬಿದ್ದರೆ ಹಾಡು ಗೆದ್ದಿತು.

ಕುಶಾಲನಗರ: ಟ್ಯಾಪ್ ನೃತ್ಯ (ಶೂ ತಳದ ತಗಡಿನಿಂದ ನೆಲ ಬಡಿದು ಸದ್ದು ಮಾಡುವ ಕುಣಿತ) ಕಲಿಯಬೇಕು. ಸಿಮೆಂಟ್ ನೆಲದಲ್ಲಿ ಮಾಡಬಹುದೇ? ಶೂಗೆ ಲಾಳ ಹೊಡೆಸಿದರೆ ಸಾಕೇ?

ಎರಡೂ ಬೇಡ. ಸಿಮೆಂಟ್, ಗ್ರಾನೈಟ್ ನೆಲ ಬಗ್ಗುವುದಿಲ್ಲ, ಪೆಟ್ಟೆಲ್ಲ ಮೊಣಕಾಲ ಕೆಳಗಿನ ಮೂಳೆಗೂ ಮಂಡಿಗೂ ಏರುತ್ತದೆ. ಕೆಲವೇ ವಾರಗಳಲ್ಲಿ ನೋವು ಶುರು. ರೆಡ್ ಆಕ್ಸೈಡ್ ನೆಲವಾದರೆ ಅದೂ ಹಾಳು. ಕಬ್ಬಿಣದ ಲಾಳ ಜಾರುತ್ತದೆ, ಸದ್ದೂ ಒರಟು. ಟ್ಯಾಪ್ ಶೂಗೆ ಅಲ್ಯೂಮಿನಿಯಂ ತಗಡು, ಮುಂಗಾಲಿಗೊಂದು, ಹಿಮ್ಮಡಿಗೊಂದು, ಸ್ಕ್ರೂ ಹಾಕಿ ಕೂರಿಸಿದ್ದು ಬೇಕು. ಅಭ್ಯಾಸಕ್ಕೆ ಮೊದಲು ಪ್ರತಿ ಸಲ ಸ್ಕ್ರೂ ಮುಟ್ಟಿ ನೋಡಿ. ಮೇಲೆದ್ದ ಸ್ಕ್ರೂ ಹಲಗೆಯನ್ನು ಕೊರೆಯುತ್ತದೆ, ಕಾಲನ್ನೂ ಹಿಡಿದು ಬೀಳಿಸುತ್ತದೆ.

ಹಲಗೆ ನೀವೇ ಮಾಡಿಸಿಕೊಳ್ಳಬಹುದು. 8×4 ಅಡಿಯ 18 ಎಂಎಂ ಪ್ಲೈವುಡ್ ಎರಡು ಹಾಳೆ ಜೋಡಿಸಿದರೆ 8×8 ಅಡಿಯ ವೇದಿಕೆ. 12 ಎಂಎಂ ತೆಗೆದುಕೊಂಡರೆ ಪಟ್ಟಿಗಳ ನಡುವೆ ಕುಸಿದು ಸದ್ದು ಮಂಕಾಗುತ್ತದೆ. ಕೆಳಗೆ 16 ಇಂಚಿಗೊಂದು ರೀಪರ್ ಪಟ್ಟಿ, ಪಟ್ಟಿಯ ಅಡಿಗೆ ರಬ್ಬರ್ ತುಂಡು. ಸ್ಕ್ರೂ ತಲೆ ಹಲಗೆಯೊಳಗೆ ಇಳಿದಿರಲಿ. ಕೊಡಗಿನ ಹವೆಗೆ ನೀರು ತಡೆಯುವ ದರ್ಜೆಯ ಪ್ಲೈ ಕೇಳಿ ಪಡೆಯಿರಿ, ಕೊಯ್ದ ಅಂಚುಗಳಿಗೆ ವಾರ್ನಿಶ್ ತಪ್ಪಿಸಬೇಡಿ. ತೇವ ಒಳಗೆ ಹೋಗುವುದು ಅಂಚಿನಿಂದ. ಮೇಲ್ಮೈಗೆ ಮೇಣ, ಪಾಲಿಶ್ ಏನೂ ಬೇಡ.

ಮೊದಲ ಪಾಠ: ಮುಂಗಾಲನ್ನು ನೆಲ ಸವರಿ ಮುಂದಕ್ಕೆ ಬೀಸಿ, ಒಂದು ಸದ್ದು. ಸವರಿ ಹಿಂದಕ್ಕೆ ಎಳೆಯಿರಿ, ಎರಡು. ಇದು ಶಫಲ್. ಅದೇ ಕಾಲಿನ ಮುಂಗಾಲನ್ನು ಹಿಂದೆ ಊರಿ, ಮೂರು. ಭಾರವನ್ನು ಇನ್ನೊಂದು ಮುಂಗಾಲಿಗೆ ಬದಲಿಸಿ, ನಾಲ್ಕು. ನಾಲ್ಕೂ ಸದ್ದು ಸಮ ಅಂತರದಲ್ಲಿ ಬರುವವರೆಗೆ ವೇಗ ಏರಿಸಬೇಡಿ. ಹೊಸಬರಲ್ಲಿ ಮೂರನೆಯದು ತಡವಾಗುತ್ತದೆ, ಕಾರಣ ಮಂಡಿಯನ್ನು ಬಿಗಿ ಹಿಡಿಯುವುದು. ಮಂಡಿ ಸಡಿಲ, ಪಾದದ ಕೀಲು ಸಡಿಲ, ಇಷ್ಟಾದರೆ ತಾನೇ ಕೂರುತ್ತದೆ.

ಚಿತ್ರದ ಹಾಗೆ ಸ್ಪಷ್ಟ ಸದ್ದು ಬರಲಿಲ್ಲವೆಂದು ಬೇಸರ ಬೇಡ. ಆ ಕಾಲದ ಸ್ಟುಡಿಯೋಗಳಲ್ಲಿ ಟ್ಯಾಪ್ ಸದ್ದನ್ನು ಚಿತ್ರೀಕರಣದ ನಂತರ ಬೇರೆಯಾಗಿ, ಚಿತ್ರ ನೋಡುತ್ತ ಮತ್ತೆ ಹೆಜ್ಜೆ ಹಾಕಿ ಮುದ್ರಿಸುತ್ತಿದ್ದರು.

ನಾಪೋಕ್ಲು: ಊರಿನ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇಟ್ಟು ತೋರಿಸಿದೆವು. ಕುಣಿಯುವವರು ದಪ್ಪಗೆ ಕಂಡರು, ಝೂಮ್ ಮಾಡಿದರೆ ಪಾದವೇ ಕಾಣಲಿಲ್ಲ. ಮಾತೂ ಕೇಳಲಿಲ್ಲ.

ಈ ಚಿತ್ರದ ಅಳತೆ 1.37ಕ್ಕೆ 1, ಚೌಕಕ್ಕೆ ಹತ್ತಿರ. ನಿಮ್ಮ ಪ್ರೊಜೆಕ್ಟರ್ ಅದನ್ನು 16:9ಕ್ಕೆ ಹಿಗ್ಗಿಸಿತು, ಅಲ್ಲಿಗೆ ಆಸ್ಟೇರ್ ಶೇಕಡಾ 30ರಷ್ಟು ಅಗಲವಾದರು. ಝೂಮ್ ಮಾಡಿದಾಗ ಎತ್ತರದಲ್ಲಿ ಶೇಕಡಾ 23 ಕತ್ತರಿಸಿ ಹೋಯಿತು, ಮೇಲೆ ತಲೆ, ಕೆಳಗೆ ಪಾದ. ಕುಣಿಯುವಾಗ ತಲೆಯಿಂದ ಪಾದದವರೆಗೆ ಇಡೀ ದೇಹ ಚೌಕಟ್ಟಿನಲ್ಲಿರಬೇಕು ಎಂದು ಆಸ್ಟೇರ್ ವೃತ್ತಿಯುದ್ದಕ್ಕೂ ಪಟ್ಟು ಹಿಡಿದವರು. ಅವರ ಪಾದ ಕಾಣದ ಪ್ರದರ್ಶನವನ್ನು ಪ್ರದರ್ಶನ ಎನ್ನಲಾಗದು. ಸೆಟ್ಟಿಂಗ್‌ನಲ್ಲಿ ‘4:3’ ಅಥವಾ ‘ಮೂಲ ಅಳತೆ’ ಆರಿಸಿ. 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಪರದೆಯಲ್ಲಿ ಚಿತ್ರ 6 ಅಡಿ 2 ಇಂಚು ಅಗಲ ಬರುತ್ತದೆ. ಎರಡೂ ಬದಿಗೆ 11 ಇಂಚು ಕಪ್ಪು ಉಳಿಯುತ್ತದೆ, ಉಳಿಯಲಿ. ಮುಂದೆ ಕೂತವರ ತಲೆ ಅಡ್ಡ ಬಾರದಂತೆ ಪರದೆಯ ಕೆಳ ಅಂಚು ನೆಲದಿಂದ ಕನಿಷ್ಠ 4 ಅಡಿ ಮೇಲಿರಲಿ. ಇಲ್ಲಿ ನೋಡಬೇಕಾದ್ದೆಲ್ಲ ಚೌಕಟ್ಟಿನ ಕೆಳಭಾಗದಲ್ಲಿದೆ.

ಮಾತು ಕೇಳದಿರಲು ಮುಖ್ಯ ಕಾರಣ ನಿಮ್ಮ ಶೀಟಿನ ಮಾಡು ಮತ್ತು ಜುಲೈ ತಿಂಗಳು. ತಗಡಿನ ಮೇಲೆ ಮಳೆ ಹೊಡೆಯುವಾಗ ಸ್ಪೀಕರ್ ಏರಿಸಿ ಗೆಲ್ಲಲಾಗದು. ಹೆಂಚಿನ ಮಾಡಿನ ಅಥವಾ ಆರ್‌ಸಿಸಿ ಹಾಲ್ ಹುಡುಕಿ, ಇಲ್ಲವೇ ಕಾಫಿ ಕುಯ್ಲು ಮುಗಿದು ಎಲ್ಲರಿಗೂ ಬಿಡುವಾಗುವ ಫೆಬ್ರವರಿ–ಮಾರ್ಚ್‌ಗೆ ಇಟ್ಟುಕೊಳ್ಳಿ. ಚಿತ್ರದ ಧ್ವನಿ ಮೋನೋ, ಎಡ-ಬಲ ಬೇರೆಯಿಲ್ಲದ ಒಂದೇ ಧ್ವನಿ. ಎರಡು ಸ್ಪೀಕರ್‌ಗಳನ್ನು ಗೋಡೆಯ ಎರಡು ಮೂಲೆಗೆ ಇಡುವ ಬದಲು ಒಂದೇ ಒಳ್ಳೆಯ ಸ್ಪೀಕರನ್ನು ಪರದೆಯ ಕೆಳಗೆ ನಡುವೆ ಇಡಿ. ಬಾಸ್ ಇಳಿಸಿ, 2 ಕಿಲೋಹರ್ಟ್ಸ್ ಆಸುಪಾಸು 2–3 ಡೆಸಿಬಲ್ ಏರಿಸಿ, ಮಾತು ಬಿಡಿಬಿಡಿಯಾಗಿ ಬರುತ್ತದೆ.

ಕರೆಂಟ್ ಹೋಗುವುದಂತೂ ಇದ್ದದ್ದೇ. ಪ್ರೊಜೆಕ್ಟರ್ 300 ವ್ಯಾಟ್ ಎಂದಿಟ್ಟುಕೊಂಡರೆ 1 ಕೆವಿಎ ಯುಪಿಎಸ್ ಜನರೇಟರ್ ಶುರುವಾಗುವವರೆಗೆ ತಡೆಯುತ್ತದೆ. ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗೆ ಇದು ಕಡ್ಡಾಯ. ಬಿಸಿ ಲ್ಯಾಂಪ್ ಫ್ಯಾನ್ ನಿಂತು ಆರಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ತಣ್ಣನೆಯ ಜೀಪಿನಿಂದ ಜನ ತುಂಬಿದ ಹಾಲ್‌ಗೆ ತಂದ ಕೂಡಲೇ ಪೆಟ್ಟಿಗೆ ತೆರೆದರೆ ಲೆನ್ಸ್ ಮೇಲೆ ಹನಿ ಕಟ್ಟುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ ಅರ್ಧ ಗಂಟೆ ಬಿಡಿ.

ಸಿದ್ದಾಪುರ: ಕನ್ನಡ ಸಬ್‌ಟೈಟಲ್ ಮಾಡಿದೆವು. ಟಿವಿಯಲ್ಲಿ ಒತ್ತಕ್ಷರ ಒಡೆಯುತ್ತದೆ, ಚಿತ್ರ ಮುಂದೆ ಹೋದಂತೆ ಸಾಲು ಹಿಂದೆ ಬೀಳುತ್ತದೆ.

ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ಯುಟಿಎಫ್-8 ಎಂಬ, ಕನ್ನಡ ಲಿಪಿಯನ್ನೂ ಹಿಡಿದಿಡುವ ಸಂಕೇತದಲ್ಲಿ ಉಳಿಸಿ. ಅದಾದ ಮೇಲೂ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ ಆ ಟಿವಿಗೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಲ್ಯಾಪ್‌ಟಾಪಿನಿಂದ ಓಡಿಸಿ. ಹಿಂದೆ ಬೀಳುವುದಕ್ಕೆ ಕಾರಣ ಮೇಲೆ ಗೋಣಿಕೊಪ್ಪದವರಿಗೆ ಹೇಳಿದ್ದೇ: ಫೈಲ್ 24 ಫ್ರೇಮಿನದು, ಚಿತ್ರ 25ರದು. ಕೊನೆಗೆ ಬರುವಾಗ ನಾಲ್ಕು ನಿಮಿಷದ ವ್ಯತ್ಯಾಸ. ಹಿಂದೆ ಮುಂದೆ ಸರಿಸಿ ಉಪಯೋಗವಿಲ್ಲ, ಎಲ್ಲ ಸಮಯಗಳನ್ನೂ 0.96ರಿಂದ ಗುಣಿಸಬೇಕು. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟ್ ಬದಲಿಸುವ ಆಯ್ಕೆ ಇದೆ. ಹಾಡುಗಳಿಗೆ ಸಾಲುಸಾಲಿಗೂ ಅನುವಾದ ಹಾಕಬೇಡಿ. ತುಂಡಿಗೊಂದು ಸಾಲು ಸಾಕು, ಕಣ್ಣು ಹೆಜ್ಜೆಯ ಮೇಲಿರಲಿ.

ಬಾಳೆಲೆ: ರೂಬಿಯ ಬೇಸ್‌ಬಾಲ್ ಹುಚ್ಚು ನಿಜವೇ, ನಗಿಸಲು ಸೇರಿಸಿದ್ದೇ?

ನಿಜ. ಏಪ್ರಿಲ್–ಮೇಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಕ್ಕಾಗಿ ಎಲ್ಲ ಕೆಲಸ ಬಿಟ್ಟು ಮೈದಾನ ಸೇರುವ ಊರಿನವರಿಗೆ ಅದನ್ನು ವಿವರಿಸಬೇಕಿಲ್ಲ. ನಿಜವಾದ ಹ್ಯಾರಿ ರೂಬಿ ಈ ಚಿತ್ರದಲ್ಲಿ ಬೇಸ್‌ಬಾಲ್ ಆಟಗಾರನಾಗಿ ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ, ಟೈಟಲ್‌ನಲ್ಲಿ ಹೆಸರಿಲ್ಲ. ಮೈದಾನದ ದೃಶ್ಯ ಬಂದಾಗ ಸ್ಕೆಲ್ಟನ್ ಮೇಲಿನ ಕಣ್ಣು ತೆಗೆದು ಸುತ್ತಲಿನ ಆಟಗಾರರ ಮುಖ ನೋಡಿ, ಅವರ ನಡುವೆ ಐವತ್ತೈದರ ಆಸುಪಾಸಿನ ಒಬ್ಬರಿದ್ದಾರೆ. ಚಿತ್ರ ಬಿಡುಗಡೆಯಾದಾಗ ಕಾಲ್ಮರ್ ತೀರಿಕೊಂಡು ಮೂರು ವರ್ಷವಾಗಿರಲಿಲ್ಲ, ಆಗುತ್ತ ಬಂದಿತ್ತು.